371(ಜೆ) ಪ್ರಮಾಣಪತ್ರ: ಸೇವೆಯ ವಿಮರ್ಶೆ

ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ನಾಡಕಚೇರಿಗಳಲ್ಲಿ ನೌಕರಿ ಅರ್ಜಿ ಕರೆದಾಗಲೆಲ್ಲ ಹೆಚ್ಚು ಕೇಳಿಬರುವ ಕಾಗದ ಇದು: ಸಂವಿಧಾನದ 371(ಜೆ) ವಿಧಿಯಡಿ ಕಲ್ಯಾಣ ಕರ್ನಾಟಕದ (ಹಿಂದಿನ ಹೈದರಾಬಾದ್ ಕರ್ನಾಟಕ) ಸ್ಥಳೀಯರಿಗೆ ನೌಕರಿ, ಸೀಟುಗಳಲ್ಲಿ ಮೀಸಲು ಕೊಡಿಸುವ ಪತ್ರ. ತಾಕತ್ತೂ ಅಷ್ಟೇ ದೊಡ್ಡದು. ಸ್ಥಳೀಯ ವೃಂದದ, ಅಂದರೆ ಈ ಭಾಗದ ಸರ್ಕಾರಿ ಕಚೇರಿಗಳ, ಎ ಮತ್ತು ಬಿ ಗುಂಪಿನ ಹುದ್ದೆಗಳಲ್ಲಿ ಶೇ 75, ಸಿ ಶೇ 80, ಡಿ ಶೇ 85 ಮೀಸಲು. ಈ ಭಾಗದ ಕಾಲೇಜುಗಳಲ್ಲಿ ಶೇ 70 ಸೀಟು, ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8.

ಇಷ್ಟಕ್ಕೆ ಸಂವಿಧಾನವನ್ನೇ ತಿದ್ದಬೇಕಿತ್ತೇ ಎಂದು ಕೇಳುವವರಿದ್ದಾರೆ. ಬೇಕಿತ್ತು. ಹುಟ್ಟಿದ ಊರು, ವಾಸದ ಊರು ನೋಡಿ ಸರ್ಕಾರಿ ನೌಕರಿಯಲ್ಲಿ ಭೇದ ಮಾಡಬಾರದೆಂದು ಸಂವಿಧಾನದ 16(2)ನೇ ವಿಧಿ ಹೇಳುತ್ತದೆ. ವಾಸದ ಷರತ್ತು ಹಾಕುವ ಅಧಿಕಾರವನ್ನು 16(3) ಸಂಸತ್ತಿಗೆ ಮಾತ್ರ ಕೊಟ್ಟಿದೆ. ವಿಧಾನಸೌಧದಲ್ಲಿ ಕಾಯ್ದೆ ಮಾಡಿದ್ದರೆ ನಿಲ್ಲುತ್ತಿರಲಿಲ್ಲ. ಆಂಧ್ರಕ್ಕೆ 1973ರಲ್ಲಿ ಇಂಥದೇ ಸ್ಥಳೀಯ ಮೀಸಲಿನ 371(ಡಿ) ಬಂದ ದಾರಿಯಲ್ಲೇ ನಮಗೆ 2012ರ 98ನೇ ತಿದ್ದುಪಡಿಯಿಂದ 371(ಜೆ) ಬಂತು. ಸರ್ಕಾರದ ಕೈ ಕಟ್ಟಲು ಹುಟ್ಟಿದ ಸಂವಿಧಾನ ಈಗ ಹಿಂದುಳಿದ ಭಾಗಕ್ಕೆ ಪಾಲು ಕೊಡಿ ಎನ್ನುತ್ತದೆ. ಆ ಮಾತು ರಾಷ್ಟ್ರಪತಿ, ರಾಜ್ಯಪಾಲರನ್ನು ದಾಟಿ ಉಪವಿಭಾಗಾಧಿಕಾರಿಯ ಸಹಿಗೆ ಬಂದು ನಿಲ್ಲುತ್ತದೆ. (ಈ ಭಾಗದ ಬಹುಪಾಲು ಹಿಂದೆ ಹೈದರಾಬಾದ್ ನಿಜಾಮನ ಸೀಮೆ. ಬಳ್ಳಾರಿ ಹಾಗಲ್ಲ, ಮದರಾಸಿಗೆ ಸೇರಿತ್ತು. ಆದರೂ 371(ಜೆ) ಜಿಲ್ಲೆಗಳ ಪಟ್ಟಿಯಲ್ಲಿದೆ, ಬಡತನಕ್ಕೆ ಹಳೇ ಗಡಿಯ ಹಂಗಿಲ್ಲ, ಸರಿಯೇ.)

ವಿನ್ಯಾಸಕ್ಕೆ ಪೂರ್ತಿ ಅಂಕ ಕೊಡಬಹುದು. ಸೋರುವುದು ಕೆಳಗಿನ ಹಂತದಲ್ಲಿ. ಅರ್ಜಿ ನಾಡಕಚೇರಿಯಿಂದ ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕ, ತಹಶೀಲ್ದಾರರ ವರದಿ ಹೊತ್ತು ಉಪವಿಭಾಗಕ್ಕೆ ಹೋಗುತ್ತದೆ, ಸಿಂಧನೂರಿನವರದು ಲಿಂಗಸುಗೂರಿಗೆ. ಹೆಚ್ಚಾಗಿ ಕೈಕೊಡುವುದು ಹೆಸರು: ಟಿ.ಸಿ.ಯಲ್ಲಿ 'ಹೆಚ್', ಆಧಾರ್‌ನಲ್ಲಿ 'ಎಚ್', ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ಹಿಂದುಮುಂದು. ಮೊದಲು ಅದನ್ನು ಸರಿಮಾಡಿಸಿ. ಜನನ ಪ್ರಮಾಣಪತ್ರ ಇದ್ದರೆ ದಾರಿ ಸಲೀಸು. ಹುಟ್ಟು ಬೇರೆ ಕಡೆಯಾದರೆ ವಾಸದ ಮೇಲೆ ಕೇಳಬೇಕು. ಆಗ ಶಾಲಾ ವ್ಯಾಸಂಗ ಪತ್ರ, ಪಡಿತರ ಚೀಟಿ, ಹೊಲದ ಪಹಣಿ ಎಲ್ಲ ಜೋಡಿಸಿಡಿ. ವರ್ಷಗಳ ನಡುವೆ ಖಾಲಿ ಬಿದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಸಾದಾ ವಾಸಸ್ಥಳ ದೃಢೀಕರಣ ಇದರ ಬದಲಿಗೆ ನಡೆಯದು. ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲೇ ಕೇಳಿ, ಬಾಯಿಮಾತಿನ 'ನಾಳೆ ಬರ್ರಿ' ಮೇಲ್ಮನವಿಗೆ ಬರುವುದಿಲ್ಲ.

ಪತ್ರದ ತಾರೀಖು ನೇಮಕಾತಿ ಅರ್ಜಿಯ ಕೊನೆಯ ದಿನಕ್ಕಿಂತ ಹಿಂದಿನದಿರಲಿ. ಅರ್ಜಿಯಲ್ಲಿ ಕಲ್ಯಾಣ ಕರ್ನಾಟಕದ ಕಾಲಂಗೆ 'ಹೌದು' ಒತ್ತಿ. ಅದು ಬಿಟ್ಟುಹೋದರೆ ಪತ್ರ ಕೈಯಲ್ಲಿದ್ದರೂ ಮೀಸಲು ಕೇಳುವುದು ಕಷ್ಟ.