ಆಟಿಸಂಗೆಂದು ಮಾಡಿಸಿದ ಎಕ್ಸೋಮ್ ಪರೀಕ್ಷೆ, ಕ್ಯಾನ್ಸರ್ ಬಗ್ಗೆ ಬಂದ ವರದಿ: ಒಂದು ಸೇವೆಯ ವಿಮರ್ಶೆ

ನಮ್ಮ ಮಗನಿಗೆ ಆಟಿಸಂ ಇದೆಯೆಂದು ಮೂರನೆಯ ವಯಸ್ಸಿನಲ್ಲಿಯೇ ಗೊತ್ತಾಗಿತ್ತು. ಎಂಟನೆಯ ವಯಸ್ಸಿನಲ್ಲಿ ಅವನನ್ನು ನೋಡಿದ ಮಕ್ಕಳ ನರರೋಗ ತಜ್ಞರು ಟೇಪು ಹಿಡಿದು ತಲೆಯ ಸುತ್ತಳತೆ ತೆಗೆದು, 58 ಸೆಂಟಿಮೀಟರ್ ಎಂದು ಬರೆದುಕೊಂಡು, ನಂಬಿಕೆಯಾಗದೆ ಇನ್ನೊಮ್ಮೆ ಅಳೆದರು. ಆ ವಯಸ್ಸಿನ ಹುಡುಗರ ತಲೆ ಸಾಮಾನ್ಯವಾಗಿ 52–53 ಸೆಂಟಿಮೀಟರ್ ಆಸುಪಾಸಿನಲ್ಲಿರುತ್ತದೆ. ನನ್ನ ಟೋಪಿ ಅವನಿಗೆ ಸರಿಹೊಂದುತ್ತಿದ್ದುದನ್ನು ನಾವು ಮನೆಯಲ್ಲಿ ತಮಾಷೆಯೆಂದಷ್ಟೇ ತಿಳಿದಿದ್ದೆವು. ಆಟಿಸಂ ಜೊತೆಗೆ ತಲೆಯೂ ಇಷ್ಟು ದೊಡ್ಡದಿದ್ದರೆ ಆನುವಂಶಿಕ ಪರೀಕ್ಷೆ ಮಾಡಿಸಲೇಬೇಕೆಂದು ಅವರು ಹೇಳಿದ ಮೇಲೆ ಖಾಸಗಿ ಪ್ರಯೋಗಾಲಯವೊಂದರ ಎಕ್ಸೋಮ್ ಪರೀಕ್ಷೆಯನ್ನು ಆರಿಸಿಕೊಂಡೆವು. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಆಕ್ಷೇಪವಿರುವುದು ಈ ಸೇವೆಯನ್ನು ರೂಪಿಸಿರುವ ಕ್ರಮದ ಬಗ್ಗೆ.

ಎಕ್ಸೋಮ್ ಎಂದರೆ ನಮ್ಮ ಜೀನೋಮಿನಲ್ಲಿ ಪ್ರೋಟೀನು ತಯಾರಿಸುವ ಸೂಚನೆಗಳಿರುವ ಭಾಗ. ಇಡೀ ಜೀನೋಮಿನ ಶೇ. 1ರಿಂದ 2ರಷ್ಟು ಮಾತ್ರ, ಆದರೆ ಸುಮಾರು 20,000 ವಂಶವಾಹಿಗಳು ಅದರಲ್ಲಿ ಬರುತ್ತವೆ. ರಕ್ತ ತೆಗೆದುಕೊಳ್ಳಲು ಬಂದವರು ನುರಿತವರಾಗಿದ್ದರು, ಮಗ ಕಿರುಚಾಡಿದರೂ ಅವಸರ ಮಾಡಲಿಲ್ಲ. ಆರು ವಾರ ಎಂದಿದ್ದ ವರದಿ ಒಂಬತ್ತನೆಯ ವಾರಕ್ಕೆ ಬಂತು. ಇವೆಲ್ಲ ಸಣ್ಣ ಮಾತು.

ದೊಡ್ಡ ಮಾತು ಇರುವುದು ಒಪ್ಪಿಗೆ ಪತ್ರದಲ್ಲಿ. ಅದರ ಮೂರನೆಯ ಪುಟದಲ್ಲಿ ಎರಡು ಚೌಕಗಳಿದ್ದವು. ಮೊದಲನೆಯದು 'ಮಗುವಿನ ಬೆಳವಣಿಗೆಯ ಸಮಸ್ಯೆಗೆ ಕಾರಣವಾದ ಅಂಶಗಳನ್ನು ತಿಳಿಸಿ' ಎಂಬುದು. ಎರಡನೆಯದು 'ಕ್ಯಾನ್ಸರ್, ಹೃದ್ರೋಗ ಮುಂತಾದ ಇತರ ಅಪಾಯಗಳ ಕುರಿತ ಆನುಷಂಗಿಕ ಮಾಹಿತಿಯನ್ನೂ ತಿಳಿಸಿ' ಎಂಬುದು. ಆಟಿಸಂ ಒಂದನ್ನೇ ನಿಭಾಯಿಸುವುದು ಸಾಕಾಗಿದೆ, ಇನ್ನೊಂದು ಭಯವನ್ನು ದುಡ್ಡು ಕೊಟ್ಟು ತರುವುದೇಕೆ ಎಂದು ನಾನೂ ನನ್ನ ಹೆಂಡತಿಯೂ ಮಾತನಾಡಿಕೊಂಡು ಮೊದಲನೆಯದಕ್ಕೆ 'ಹೌದು', ಎರಡನೆಯದಕ್ಕೆ 'ಬೇಡ' ಎಂದು ಗುರುತು ಹಾಕಿದೆವು. ಹೀಗೆ ಬೇಡವೆನ್ನುವ ಹಕ್ಕು ಇರಬೇಕಾದದ್ದೇ. ಕೇಳದೆಯೇ ಸಿಕ್ಕಿದ, ಆದರೆ ಚಿಕಿತ್ಸೆಗೋ ತಪಾಸಣೆಗೋ ಅವಕಾಶವಿರುವ ಫಲಿತಾಂಶಗಳಲ್ಲಿ ಯಾವುದನ್ನು ತಿಳಿಸಬೇಕೆಂದು ಅಮೆರಿಕದ ವೈದ್ಯಕೀಯ ತಳಿವಿಜ್ಞಾನ ಕಾಲೇಜು ಎಂಬ ತಜ್ಞರ ಸಂಘ 2013ರಲ್ಲಿ 56 ವಂಶವಾಹಿಗಳ ಪಟ್ಟಿಯೊಂದನ್ನು ಹೊರಡಿಸಿತ್ತು; ಅಲ್ಲಿಂದೀಚೆಗೆ ಆ ಪಟ್ಟಿ ಬೆಳೆಯುತ್ತಲೇ ಇದೆ. ಅದರಲ್ಲಿ ಮೊದಲಿನಿಂದಲೂ ಇರುವ ಹೆಸರುಗಳಲ್ಲಿ ಪಿಟೆನ್ ಒಂದು, ಟಿಎಸ್‌ಸಿ-1 ಮತ್ತು ಟಿಎಸ್‌ಸಿ-2 ಇನ್ನೆರಡು. ಈ ಮೂರೂ ಆಟಿಸಂಗೆ ಕಾರಣವಾಗಬಲ್ಲ ವಂಶವಾಹಿಗಳೂ ಹೌದು. ಅಂದರೆ ಒಪ್ಪಿಗೆ ಪತ್ರ ಎರಡು ಚೌಕಗಳಾಗಿ ಒಡೆದಿಟ್ಟಿದ್ದನ್ನು ವಂಶವಾಹಿ ಒಂದೇ ಆಗಿ ಇಟ್ಟುಕೊಂಡಿರುತ್ತದೆ. ಇದನ್ನು ರಕ್ತ ತೆಗೆಯುವ ಮೊದಲು ನಮಗೆ ಯಾರೂ ಹೇಳಲಿಲ್ಲ.

ವರದಿ ಶುಕ್ರವಾರ ರಾತ್ರಿ ಮೊಬೈಲಿಗೆ ಬಂತು. ಆನುವಂಶಿಕ ಸಮಾಲೋಚಕಿಯ ಜೊತೆ ಮಾತುಕತೆ ನಿಗದಿಯಾಗಿದ್ದುದು ಮಂಗಳವಾರಕ್ಕೆ. ಹದಿನಾಲ್ಕು ಪುಟಗಳ ಕಡತದ ಮೊದಲ ಪುಟದಲ್ಲೇ, ಪಿಟೆನ್ ವಂಶವಾಹಿಯ 388ನೆಯ ಸ್ಥಾನದಲ್ಲಿ 'ಸಿ' ಎಂಬ ಡಿಎನ್‌ಎ ಅಕ್ಷರ ಇರಬೇಕಾದಲ್ಲಿ 'ಟಿ' ಇದೆ, ಹಾಗಾಗಿ 130ನೆಯ ಅಮೈನೋ ಆಮ್ಲವಾದ ಅರ್ಜಿನೀನ್ ಬದಲು ಅಲ್ಲಿ ನಿಲುಗಡೆಯ ಸಂಕೇತ ಬಂದಿದೆ, ವರ್ಗೀಕರಣ 'ರೋಗಕಾರಕ' ಎಂದಿತ್ತು. ಪೂರ್ತಿ 403 ಅಮೈನೋ ಆಮ್ಲಗಳ ಪ್ರೋಟೀನು ಮೂರನೆಯ ಒಂದು ಭಾಗದಷ್ಟು ದೂರ ಹೋಗಿ ನಿಂತುಬಿಡುತ್ತದೆ ಎಂಬುದು ಅದರ ಅರ್ಥ. ಮೊದಲ ಪುಟವೆಲ್ಲ ಆಟಿಸಂ ಬಗ್ಗೆ, ದೊಡ್ಡ ತಲೆಯ ಬಗ್ಗೆ. ಹನ್ನೊಂದನೆಯ ಪುಟದಲ್ಲಿ, ಸಣ್ಣ ಅಕ್ಷರಗಳ ಒಂದು ಕೋಷ್ಟಕದಲ್ಲಿ, ಜೀವಮಾನದ ಅಪಾಯ ಎಂಬ ತಲೆಬರಹದ ಕೆಳಗೆ: ಸ್ತನ ಕ್ಯಾನ್ಸರ್ ಶೇ. 85, ಥೈರಾಯ್ಡ್ ಶೇ. 35, ಮೂತ್ರಪಿಂಡ ಶೇ. 34, ಗರ್ಭಕೋಶದ ಒಳಪದರ ಶೇ. 28. ನಾವು 'ಬೇಡ' ಎಂದಿದ್ದ ಮಾಹಿತಿ ಇದೇ. ಇದು ಆನುಷಂಗಿಕವಲ್ಲ, ಆಟಿಸಂಗೆ ಸಿಕ್ಕಿದ ಕಾರಣದ್ದೇ ಇನ್ನೊಂದು ಮುಖ, ಆದ್ದರಿಂದ ಎರಡನೆಯ ಚೌಕ ಇದಕ್ಕೆ ಅನ್ವಯಿಸುವುದಿಲ್ಲ ಎಂಬ ವಿವರಣೆ ಆಮೇಲೆ ಬಂತು. ವಿವರಣೆ ಸರಿಯಾಗಿಯೇ ಇದೆ, ಬಂದ ಹೊತ್ತು ಮಾತ್ರ ಸರಿಯಲ್ಲ.

ಆ ಕೋಷ್ಟಕದ ಬಗ್ಗೆ ಇನ್ನೊಂದು ಆಕ್ಷೇಪವಿದೆ. ಆ ಅಂಕಿಗಳು 2012ರಲ್ಲಿ ಪ್ರಕಟವಾದ ಅಧ್ಯಯನವೊಂದರವು, ಕಲ್ಪಿತವಲ್ಲ. ಆದರೆ ಅದರಲ್ಲಿ ಸೇರಿದ್ದವರಲ್ಲಿ ಹೆಚ್ಚಿನವರು ಕಾಯಿಲೆಯ ಲಕ್ಷಣಗಳು ಕಂಡ ಕಾರಣಕ್ಕೇ ಪಿಟೆನ್ ಪರೀಕ್ಷೆಗೆ ಬಂದವರು. ಹಾಗೆ ಆರಿಸಿ ಬಂದ ಗುಂಪಿನಲ್ಲಿ ಅಪಾಯದ ಪ್ರಮಾಣ ವಾಸ್ತವಕ್ಕಿಂತ ಹೆಚ್ಚಾಗಿ ಕಾಣುತ್ತದೆ. ಈ ಒಂದು ವಾಕ್ಯವನ್ನು ಕೋಷ್ಟಕದ ಅಡಿಯಲ್ಲಿ ಸೇರಿಸಲು ಅರ್ಧ ಸಾಲು ಸಾಕಿತ್ತು. ನನ್ನ ಹೆಂಡತಿ ಆ ನಾಲ್ಕು ದಿನ ಮಗನ ಬಗ್ಗೆ ಕೇಳಿದ್ದಕ್ಕಿಂತ, ಈ ದೋಷ ಅವನಿಗೆ ತನ್ನಿಂದ ಬಂದಿದ್ದರೆ ತನ್ನ ಪಾಲಿನ 85 ಏನಾಗುತ್ತದೆ ಎಂದು ಕೇಳದೆ ಸುಮ್ಮನಿದ್ದದ್ದೇ ಹೆಚ್ಚು.

ಮಂಗಳವಾರದ ಮಾತುಕತೆಯನ್ನು ಮಾತ್ರ ಹೊಗಳಲೇಬೇಕು. ಸಮಾಲೋಚಕಿ ವಯಸ್ಸಿನಲ್ಲಿ ಚಿಕ್ಕವರು, ಆದರೆ ವಿಷಯವನ್ನು ಅರೆದು ಕುಡಿದವರು. ಹಾಳೆಯ ಮೇಲೆ ಪೆನ್ಸಿಲಿನಿಂದ ಎರಡು ಗೆರೆ ಎಳೆದು, ಹತ್ತನೆಯ ವರ್ಣತಂತುವಿನ ಎರಡು ಪ್ರತಿಗಳು ಇವು, ಒಂದರಲ್ಲಿ ಪಿಟೆನ್ ಕೆಟ್ಟಿದೆ, ಇನ್ನೊಂದರಲ್ಲಿ ಚೆನ್ನಾಗಿದೆ ಎಂದು ಶುರುಮಾಡಿದರು. ಪಿಟೆನ್ ಒಂದು ಕಿಣ್ವವನ್ನು ತಯಾರಿಸುತ್ತದೆ; ಜೀವಕೋಶಕ್ಕೆ 'ಬೆಳೆ' ಎಂದು ಹೇಳುವ ರಾಸಾಯನಿಕ ಸಂದೇಶದಿಂದ ಒಂದು ಫಾಸ್ಫೇಟನ್ನು ಕಿತ್ತು ಆ ಸಂದೇಶವನ್ನು ನಂದಿಸುವುದು ಅದರ ಕೆಲಸ. ನಂದಿಸುವ ಕಿಣ್ವ ಕಡಿಮೆಯಾದರೆ ಎಂಟಾರ್ ಎಂಬ ಬೆಳವಣಿಗೆಯ ಹಾದಿ ತೆರೆದೇ ಇರುತ್ತದೆ. ಮಿದುಳು ರೂಪುಗೊಳ್ಳುವಾಗ ಒಂದು ಪ್ರತಿ ಕೆಟ್ಟಿದ್ದರೂ ಸಾಕು, ನರಕೋಶಗಳು ಅಗತ್ಯಕ್ಕಿಂತ ದೊಡ್ಡದಾಗಿ ಬೆಳೆದು, ಅವುಗಳ ನಡುವಿನ ಜೋಡಣೆ ಬದಲಾಗುತ್ತದೆ. ಗೆಡ್ಡೆಯ ವಿಷಯದಲ್ಲಿ ಸಾಮಾನ್ಯವಾಗಿ ಕತೆ ಬೇರೆ: ಥೈರಾಯ್ಡಿನಲ್ಲೋ ಮೂತ್ರಪಿಂಡದಲ್ಲೋ ಎಲ್ಲೋ ಒಂದು ಜೀವಕೋಶದಲ್ಲಿ ಉಳಿದ ಒಳ್ಳೆಯ ಪ್ರತಿಯೂ ಎಂದೋ ಹಾಳಾಗಬೇಕು. ರೆಟಿನೋಬ್ಲಾಸ್ಟೋಮ ಎಂಬ ಕಣ್ಣಿನ ಕ್ಯಾನ್ಸರನ್ನು ಅಭ್ಯಸಿಸಿ ಆಲ್ಫ್ರೆಡ್ ನಡ್ಸನ್ 1971ರಲ್ಲಿ ಮುಂದಿಟ್ಟ ಎರಡು ಪೆಟ್ಟಿನ ಸಿದ್ಧಾಂತವನ್ನು ಅವರು ಹೆಸರೆತ್ತದೆ, ಎರಡನೆಯ ಗೆರೆಯ ಮೇಲೆ ಒಂದು ಚುಕ್ಕೆಯಿಟ್ಟು ತಿಳಿಸಿದರು. "ಇವನಿಗೆ ಕ್ಯಾನ್ಸರ್ ಇದೆ ಅಂತ ಈ ವರದಿ ಹೇಳ್ತಿಲ್ಲ ಸರ್. ಎಲ್ಲಿ, ಯಾವ ವಯಸ್ಸಿನಿಂದ ನೋಡ್ತಾ ಇರಬೇಕು ಅಂತ ಹೇಳ್ತಿದೆ" ಎಂದರು. ಆ ಹಾಳೆ ಇನ್ನೂ ನಮ್ಮ ಕಡತದಲ್ಲಿದೆ.

ಪ್ರಯೋಗಾಲಯದ ಕೆಲಸವೂ ಅಚ್ಚುಕಟ್ಟು. ಒಂಬತ್ತನೆಯ ವರ್ಣತಂತುವಿನಲ್ಲಿ ಪಿಟೆನ್‌ನ ತದ್ರೂಪದಂತಿರುವ ಒಂದು ಹುಸಿ ವಂಶವಾಹಿ ಇದೆ. ಅಲ್ಲಿಯ ಅಕ್ಷರಗಳನ್ನು ಇಲ್ಲಿಯವೆಂದು ಓದಿಕೊಂಡರೆ ಫಲಿತಾಂಶ ತಪ್ಪಾಗುತ್ತದೆ. ಆ ಗೊಂದಲವನ್ನು ಹೇಗೆ ನಿವಾರಿಸಿಕೊಂಡರು, ಡಿಎನ್‌ಎ ಓದುವ ಸ್ಯಾಂಗರ್ ಎಂಬ ಇನ್ನೊಂದು ವಿಧಾನದಿಂದ ಹೇಗೆ ದೃಢಪಡಿಸಿಕೊಂಡರು ಎಂಬುದನ್ನು ವರದಿ ಬಿಡಿಸಿ ಹೇಳಿದೆ.

ವರದಿಯ ಜೊತೆ ಬಂದ ಕಿರುಹೊತ್ತಿಗೆ ಮಾತ್ರ ಕಳಪೆ. 'ಆಟಿಸಂ ಮತ್ತು ಕ್ಯಾನ್ಸರ್ ನಡುವೆ ಆನುವಂಶಿಕ ನಂಟಿದೆಯೆಂದು ಸಾಬೀತಾಗಿದೆ' ಎಂಬ ಒಂದೇ ಸಾಲನ್ನು ಬರೆದು ಅದು ಕೈತೊಳೆದುಕೊಂಡಿದೆ. ಎರಡಕ್ಕೂ ಸಂಬಂಧಿಸಿದ ಕನಿಷ್ಠ 43 ವಂಶವಾಹಿಗಳನ್ನು 2016ರ ಒಂದು ಸಮೀಕ್ಷಾ ಲೇಖನ ಪಟ್ಟಿಮಾಡಿದ್ದು ನಿಜ. ಟಿಎಸ್‌ಸಿ ವಂಶವಾಹಿಗಳೂ ಎಂಟಾರ್ ಹಾದಿಯ ಮೇಲೆಯೇ ಕೂತಿವೆ; ಅವು ಕೆಟ್ಟವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಆಟಿಸಂ ಇರುತ್ತದೆ, ಮಿದುಳಿನಲ್ಲೂ ಮೂತ್ರಪಿಂಡದಲ್ಲೂ ಬೆಳೆಯುವ ಗೆಡ್ಡೆಗಳು ಬಹುಪಾಲು ಕ್ಯಾನ್ಸರ್ ಅಲ್ಲದವು. ಎರಡಕ್ಕೂ ಸಂಬಂಧಿಸಿದ ಇನ್ನೊಂದು ವಂಶವಾಹಿಯಾದ ಎನ್‌ಎಫ್-1, ರಾಸ್ ಎಂಬ ಬೇರೊಂದು ಬೆಳವಣಿಗೆಯ ಹಾದಿಯ ಕಡಿವಾಣ. ಆದರೆ ಆಟಿಸಂ ಇರುವವರಲ್ಲಿ ಬಹುತೇಕರಿಗೆ ಇಂಥ ಯಾವ ಒಂಟಿ ದೋಷವೂ ಇರುವುದಿಲ್ಲ. ಅಯೋವ ವಿಶ್ವವಿದ್ಯಾಲಯದ ಸಂಶೋಧಕರು ಅದೇ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇನ್ನೂ ವಿಚಿತ್ರ: ಆಟಿಸಂ ಇರುವವರಲ್ಲಿ ಕ್ಯಾನ್ಸರ್‌ಗೆ ಸಂಬಂಧಿಸಿದ ವಂಶವಾಹಿಗಳ ಅಪರೂಪದ ರೂಪಾಂತರಗಳು ಹೆಚ್ಚಿದ್ದವು, ಆದರೆ ಅವರು ನೋಡಿದ ಆಸ್ಪತ್ರೆ ದಾಖಲೆಗಳಲ್ಲಿ ಕ್ಯಾನ್ಸರ್ ಬಂದವರು ಆಟಿಸಂ ಗುಂಪಿನಲ್ಲಿ ಶೇ. 1.3, ಹೋಲಿಕೆಯ ಗುಂಪಿನಲ್ಲಿ ಶೇ. 3.9. ಸ್ವೀಡನ್ನಿನ ರಾಷ್ಟ್ರೀಯ ದಾಖಲೆಗಳನ್ನಾಧರಿಸಿದ 2022ರ ಅಧ್ಯಯನ ಇದಕ್ಕೆ ವಿರುದ್ಧವಾಗಿ ಅಪಾಯ ತುಸು ಹೆಚ್ಚೆಂದು ಕಂಡುಕೊಂಡಿತು. ಆ ಹೆಚ್ಚಳ ಮುಖ್ಯವಾಗಿ ಆಟಿಸಂ ಜೊತೆಗೆ ಬೌದ್ಧಿಕ ಅಸಾಮರ್ಥ್ಯವೋ ಹುಟ್ಟಿನಿಂದ ಬಂದ ದೈಹಿಕ ನ್ಯೂನತೆಯೋ ಇದ್ದವರಲ್ಲಿತ್ತು. ಪಿಟೆನ್ ದೋಷವುಳ್ಳ ನನ್ನ ಮಗನಿಗೆ ಅನ್ವಯಿಸುವ ಮಾತನ್ನು ಅವನ ಶಾಲೆಯಲ್ಲಿರುವ ಇತರ ಆಟಿಸಂ ಮಕ್ಕಳ ತಂದೆತಾಯಿಯರ ತಲೆಗೆ ಕಟ್ಟುವಂತೆ ಆ ಒಂದು ಸಾಲು ಬರೆದಿದ್ದಾರೆ. ನನ್ನ ಅತ್ತಿಗೆ ಅದನ್ನು ಓದಿ, ಆಟಿಸಂ ಇರುವ ತಮ್ಮ ಮಗಳಿಗೂ ಕ್ಯಾನ್ಸರ್ ತಪಾಸಣೆ ಬೇಕೇ ಎಂದು ಫೋನು ಮಾಡಿದರು.

ಸಂಸ್ಥೆ ನಮಗೆ ಮಾರಿದ್ದು ಮಗುವಿನ ಒಂಟಿ ಪರೀಕ್ಷೆ. ತಂದೆ, ತಾಯಿ, ಮಗು ಮೂವರ ಮಾದರಿಯನ್ನೂ ಒಟ್ಟಿಗೆ ಓದುವ ಕ್ರಮವೂ ಅವರಲ್ಲೇ ಇದೆಯೆಂದು ತಿಳಿದದ್ದು ಆಮೇಲೆ. ಅದನ್ನು ಮೊದಲೇ ಮಾಡಿಸಿದ್ದರೆ ದೋಷ ನಮ್ಮಿಬ್ಬರಲ್ಲಿ ಯಾರಿಂದಲಾದರೂ ಬಂತೇ, ಮಗುವಿನಲ್ಲೇ ಹೊಸದಾಗಿ ಹುಟ್ಟಿತೇ ಎಂಬುದು ಅದೇ ವರದಿಯಲ್ಲಿ ಇರುತ್ತಿತ್ತು. ಪಿಟೆನ್‌ನಂಥ ವಂಶವಾಹಿಯ ಮಟ್ಟಿಗೆ ಈ ಪ್ರಶ್ನೆ ಮುಂದಿನ ಮಗುವಿನ ಲೆಕ್ಕಾಚಾರದಷ್ಟಕ್ಕೇ ಮುಗಿಯುವುದಿಲ್ಲ, ತಂದೆತಾಯಿಯ ಸ್ವಂತ ಆರೋಗ್ಯಕ್ಕೂ ಸೇರಿದ್ದು. ನಮ್ಮ ರಕ್ತ ಪ್ರತ್ಯೇಕವಾಗಿ ಹೋಗಿ ಫಲಿತಾಂಶ ಬರಲು ಇನ್ನೂ ಐದು ವಾರ ಹಿಡಿಯಿತು. ಇಬ್ಬರಲ್ಲೂ ದೋಷ ಸಿಗಲಿಲ್ಲ.

ತಪಾಸಣೆಯ ಸಲಹೆಗಳನ್ನು ವರದಿ ಕ್ರಮವಾಗಿ ಕೊಟ್ಟಿದೆ: ಏಳನೆಯ ವಯಸ್ಸಿನಿಂದ ವರ್ಷಕ್ಕೊಮ್ಮೆ ಥೈರಾಯ್ಡ್ ಅಲ್ಟ್ರಾಸೌಂಡ್, 35ರಿಂದ ದೊಡ್ಡ ಕರುಳಿನ ಪರೀಕ್ಷೆ, 40ರಿಂದ ಮೂತ್ರಪಿಂಡದ ಸ್ಕ್ಯಾನಿಂಗ್. ಕುತ್ತಿಗೆಯನ್ನು ಯಾರೂ ಮುಟ್ಟಗೊಡದ ಹುಡುಗನಿಗೆ ಇದನ್ನು ಮಾಡಿಸುವುದು ಹೇಗೆಂದು ವರದಿಯಲ್ಲಿಲ್ಲ. ಎರಡನೆಯ ಮಾತುಕತೆಯಲ್ಲಿ ಸಮಾಲೋಚಕಿಯೇ ದಾರಿ ತೋರಿಸಿದರು: ದಿನಾ ಮಲಗುವ ಮುಂಚೆ ಚಮಚದ ಬೆನ್ನಿಗೆ ಸ್ವಲ್ಪ ತಣ್ಣನೆಯ ಜೆಲ್ ಸವರಿ, ಮೊದಲು ಅವನ ಮುಂಗೈಗೆ, ಆಮೇಲೆ ಭುಜಕ್ಕೆ, ಕೊನೆಗೆ ಕುತ್ತಿಗೆಗೆ ತಾಗಿಸುತ್ತ ಹತ್ತರವರೆಗೆ ಎಣಿಸಬೇಕು. ಮೂರು ವಾರ ಹಾಗೆ ಮಾಡಿದೆವು. ಸ್ಕ್ಯಾನಿಂಗ್ ಕೋಣೆಯಲ್ಲಿ ಅವನು ತಾನೇ ಗಟ್ಟಿಯಾಗಿ ಎಣಿಸಿದ, ಹತ್ತಾದ ಮೇಲೆ ಮತ್ತೆ ಒಂದರಿಂದ. ಗ್ರಂಥಿ ಚೆನ್ನಾಗಿತ್ತು.

ಅಂಕ ಕೊಡುವುದಾದರೆ ಪ್ರಯೋಗಾಲಯಕ್ಕೆ ಐದರಲ್ಲಿ ಐದು, ಸಮಾಲೋಚಕಿಗೂ ಐದು, ಒಪ್ಪಿಗೆ ಪತ್ರ ಮತ್ತು ವರದಿ ತಲುಪಿಸುವ ಕ್ರಮಕ್ಕೆ ಒಂದು. ಆಟಿಸಂ ಜೊತೆ ತಲೆ ಅಸಹಜವಾಗಿ ದೊಡ್ಡದಿರುವ ಮಕ್ಕಳಿಗೆ ಈ ಪರೀಕ್ಷೆಯನ್ನು ನಾನು ಈಗಲೂ ಶಿಫಾರಸು ಮಾಡುತ್ತೇನೆ. ಮಾಡಿಸುವವರು ಮೂವರ ಮಾದರಿಯನ್ನೂ ಒಟ್ಟಿಗೆ ಕೊಡಲಿ, ಮಾತುಕತೆಯ ದಿನದವರೆಗೆ ವರದಿಯನ್ನು ಮೊಬೈಲಿಗೆ ಕಳಿಸಬೇಡಿರೆಂದು ಬರೆದುಕೊಡಲಿ. ಎರಡನೆಯ ಚೌಕದ ಕೆಳಗೆ 'ಆಟಿಸಂಗೆ ಕಾರಣವಾದ ಕೆಲವು ವಂಶವಾಹಿಗಳು ಕ್ಯಾನ್ಸರ್ ಅಪಾಯವನ್ನೂ ಹೇಳುತ್ತವೆ. ನೀವು ಇಲ್ಲಿ ಬೇಡವೆಂದರೂ ಅದು ನಿಮಗೆ ತಿಳಿಯುತ್ತದೆ' ಎಂಬ ವಾಕ್ಯವನ್ನು ಸೇರಿಸಬೇಕೆಂದು ಸಂಸ್ಥೆಗೆ ಬರೆದಿದ್ದೆ. ಸಲಹೆಯನ್ನು ದಾಖಲಿಸಿಕೊಂಡಿದ್ದೇವೆಂದು ಉತ್ತರ ಬಂತು. ಹೋದ ತಿಂಗಳು ಪರಿಚಯದವರೊಬ್ಬರು ಸಹಿ ಹಾಕುವ ಮುಂಚೆ ಅದೇ ಒಪ್ಪಿಗೆ ಪತ್ರವನ್ನು ನನಗೆ ತೋರಿಸಿದರು. ಮೂರನೆಯ ಪುಟ, ಎರಡು ಚೌಕ, ಒಂದಕ್ಷರವೂ ಬದಲಾಗಿರಲಿಲ್ಲ.