ಆರು ವರ್ಷ ಬಳಸಿದ 20 ಬ್ಲೇಡಿನ ಫೀಲರ್ ಗೇಜ್: ಪಿಸ್ಟನ್ ರಿಂಗ್ ಸವೆತ ನೋಡುವವರಿಗೆ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಂಡ, ತೆಳು ಬ್ಲೇಡು ತೂರಿಸಿ ಸಂದಿಯ ಅಗಲ ಅಳೆಯುವ ಈ ಗೇಜಿನಲ್ಲಿ 0.05 ಮಿ.ಮೀ.ಯಿಂದ 1 ಮಿ.ಮೀ.ವರೆಗೆ, 0.05ರ ಏರಿಕೆಯಲ್ಲಿ ಬ್ಲೇಡುಗಳಿವೆ. ಇಷ್ಟು ದಪ್ಪ ದಪ್ಪ ಹೆಜ್ಜೆಯ ಸಾಧನದಿಂದ ಎಂಜಿನ್ ಕೆಲಸ ಸಾಗದು ಎಂದೇ ನಾನು ಮೊದಲು ಭಾವಿಸಿದ್ದೆ.

ಆ ಅಭಿಪ್ರಾಯ ಬದಲಾದದ್ದು ನೀಲಿ ಹೊಗೆ ಬಿಡುತ್ತಿದ್ದ ನನ್ನ ಮಾರುತಿ 800ರ ಎಂಜಿನ್ ಬಿಚ್ಚಿದಾಗ. ಬೋರಿನ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳರಂಧ್ರದ) ವ್ಯಾಸದ ಪ್ರತಿ ಇಂಚಿಗೆ ನಾಲ್ಕು ಥೌ (ಇಂಚಿನ ಸಾವಿರದಲ್ಲೊಂದು ಭಾಗ) ಎಂಬ ಗ್ಯಾರೇಜಿನ ಲೆಕ್ಕದಂತೆ, ಅದರ 68.5 ಮಿ.ಮೀ. ಬೋರಿಗೆ ರಿಂಗ್ ಗ್ಯಾಪ್, ಅಂದರೆ ಬೋರಿನೊಳಗೆ ರಿಂಗಿನ ಎರಡು ತುದಿಗಳ ನಡುವಿನ ಸಂದಿ, 0.27 ಮಿ.ಮೀ. ಆಸುಪಾಸಿನಲ್ಲಿರಬೇಕು. ಹಳೆಯ ಮೇಲಿನ ರಿಂಗನ್ನು ಬೋರಿಗಿಳಿಸಿ, ಓರೆಯಾಗದಂತೆ ತಲೆಕೆಳಗಾದ ಪಿಸ್ಟನ್ನಿನಿಂದ ಸವೆಯದ ಕೆಳಭಾಗಕ್ಕೆ ತಳ್ಳಿ ನೋಡಿದರೆ, 0.55ರ ಬ್ಲೇಡ್ ತುಸು ಹಿಡಿದು ಜಾರಿತು. ರಿಂಗ್ ಸವೆದದ್ದು ಖಚಿತವಾಯಿತು. ಆದರೆ ಹೊಸ ರಿಂಗ್ ಅದೇ ಕೆಳಭಾಗದಲ್ಲಿ 0.25 ತೋರಿಸಿ, ಮೇಲೆ, ಬೆರಳಿಗೆ ತಡೆಯುವ ಅಂಚಿನ ಸ್ವಲ್ಪ ಕೆಳಗೆ, 0.55 ತೋರಿಸಿತು. ಬೋರಿನ ವ್ಯಾಸ ಎಷ್ಟು ಹೆಚ್ಚುತ್ತದೆಯೋ ಅದರ 3.14 ಪಟ್ಟು ಗ್ಯಾಪ್ ಹಿಗ್ಗುವುದರಿಂದ, 0.30ರ ಈ ವ್ಯತ್ಯಾಸವೆಂದರೆ ಬೋರು ಮೇಲ್ಭಾಗದಲ್ಲಿ ಸುಮಾರು 0.1 ಮಿ.ಮೀ. ಸವೆದಿದೆ ಎಂದರ್ಥ. ಬರೀ ರಿಂಗ್ ಸೆಟ್ ಹಾಕಿ ಮುಚ್ಚುವ ಯೋಚನೆಯನ್ನು ಅಲ್ಲಿಗೇ ಕೈಬಿಟ್ಟು, ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ. ಗೇಜಿನ ಒಂದು ಹೆಜ್ಜೆ ವ್ಯಾಸದ ಲೆಕ್ಕದಲ್ಲಿ ಕೇವಲ 0.016 ಮಿ.ಮೀ. ಆಗುತ್ತದೆ, ಅಗ್ಗದ ಸಾಧನಕ್ಕೆ ಇದು ಸಣ್ಣ ಮಾತಲ್ಲ. ಬೋರು ಅಂಡಾಕಾರವಾಗಿ ಸವೆದಿದ್ದರೆ ಮಾತ್ರ ಇದಕ್ಕೆ ತಿಳಿಯುವುದಿಲ್ಲ, ಅದಕ್ಕೆ ಬೋರ್ ಡಯಲ್ ಗೇಜೇ ಬೇಕು.

ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡಿನಲ್ಲಿ ಅದು ಎಷ್ಟು ಸಡಿಲವಿದೆ ಎಂದು ನೋಡುವಾಗ ಈ ಗೇಜ್ ಸೋಲುತ್ತದೆ. ಅಲ್ಲಿ ನೂರರಲ್ಲೊಂದು ಮಿ.ಮೀ.ಯೂ ಲೆಕ್ಕಕ್ಕೆ ಬರುವುದರಿಂದ, 0.05 ಹೋಗಿ 0.10 ಹೋಗದಿದ್ದರೆ ನಮಗೆ ಹೆಚ್ಚೇನೂ ತಿಳಿದಂತಾಗುವುದಿಲ್ಲ; 0.03ರಿಂದ ಶುರುವಾಗುವ ಇನ್ನೊಂದು ಸೆಟ್ ಕೊಳ್ಳಬೇಕಾಯಿತು. ಅಳೆಯುವ ಮೊದಲು ತೋಡಿನ ಮಸಿಯನ್ನು ಮುರಿದ ಹಳೆಯ ರಿಂಗಿನ ತುಂಡಿನಿಂದ ಕೆರೆದು ತೆಗೆಯದಿದ್ದರೆ ಯಾವ ಗೇಜೂ ನಿಜ ಹೇಳದು.

ಮಳೆಗಾಲದಲ್ಲಿ ಎಣ್ಣೆ ಸವರಿಡದ ಒಂದು ವರ್ಷ ನಾಲ್ಕು ಬ್ಲೇಡುಗಳಿಗೆ ತುಕ್ಕು ಹಿಡಿಯಿತು. 0.05ರ ಬ್ಲೇಡಿನ ತುದಿ ಎರಡನೇ ವರ್ಷವೇ ಮಡಚಿದೆ. ಬಿಡಿ ಬ್ಲೇಡ್ ಕೇಳಿದರೆ, ಅಂಗಡಿಯವರು ಹೊಸ ಸೆಟ್ಟನ್ನೇ ಮುಂದಿಡುತ್ತಾರೆ.