ಪಕ್ಕೆ ಕೊರೆದು ಕೂರಿಸುವ ಗಿಟಾರ್ ಪಿಕಪ್: ಹಣ ಕೊಡುವ ಮುನ್ನ ಓದಿ

ಮೇಲ್ಹಲಗೆ, ಪಕ್ಕೆ, ಬೆನ್ನು ಎಲ್ಲವೂ ಪ್ಲೈವುಡ್ ಅಲ್ಲದ ಅಸಲಿ ಮರ. ಅಂಥ ಒಳ್ಳೆಯ ಡ್ರೆಡ್‌ನಾಟ್ (ದೊಡ್ಡ ಹೊಟ್ಟೆಯ) ಗಿಟಾರ್‌ಗೆ, ಗಣೇಶೋತ್ಸವದ ವೇದಿಕೆಯಲ್ಲಿ ನುಡಿಸಬೇಕೆಂದು ಅಂಗಡಿಯೊಂದರಲ್ಲಿ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಸಾಧನ) ಹಾಕಿಸಲಾಯಿತು. ಅಂಗಡಿಯವರು ಪಕ್ಕೆಯಲ್ಲಿ ಚೌಕಾಕಾರದ ದೊಡ್ಡ ಕಿಂಡಿ ಕತ್ತರಿಸಿ, ಟ್ಯೂನರ್ ಸಮೇತ ಪ್ರೀಆಂಪ್ (ಪಿಕಪ್‌ನ ಕ್ಷೀಣ ಸಂಕೇತವನ್ನು ಬಲಪಡಿಸುವ ಪೆಟ್ಟಿಗೆ) ಕೂರಿಸಿ, ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿಗಳು ಹಾಯುವ ಪಟ್ಟಿ) ಅಡಿಗೆ ಒತ್ತಡವನ್ನು ವಿದ್ಯುತ್ತಾಗಿಸುವ ಪೀಜೊ ಪಟ್ಟಿ ಇಟ್ಟು ಕೊಟ್ಟರು. ಅಲ್ಲಿನ ಪುಟ್ಟ ಆಂಪ್‌ನಲ್ಲಿ ಎಲ್ಲ ಸರಿಯಾಗಿಯೇ ಕೇಳಿಸಿತು. ವೇದಿಕೆ ಹತ್ತಿದಾಗ ಬಿ ತಂತಿಯ ದನಿಯೇ ಇಲ್ಲ. ಮಾನಿಟರ್ (ನುಡಿಸುವವರತ್ತ ತಿರುಗಿಸಿಟ್ಟ ಸ್ಪೀಕರ್) ಏರಿಸಿದ ಕೂಡಲೇ ಎ ತಂತಿ ಮುಟ್ಟದೆಯೂ ಗುಂಯ್ಗುಡತೊಡಗಿತು. ಎರಡನೇ ಹಾಡಿನ ಹೊತ್ತಿಗೆ ಸ್ವರ ಒಡೆದು ಕರಕರ ಶುರುವಾಯಿತು. ಇವು ಮೂರಕ್ಕೂ ಬೇರೆ ಬೇರೆ ಕಾರಣಗಳಿವೆ, ಮೂರನ್ನೂ ಮೊದಲೇ ತಪ್ಪಿಸಬಹುದಿತ್ತು.

ಬಿ ತಂತಿಯ ವಿಷಯ ಮೊದಲು. ಸ್ಯಾಡಲ್ ಕೂರುವ ಗಾಡಿಯ, ಅಂದರೆ ಬ್ರಿಡ್ಜ್‌ನಲ್ಲಿ ಕೊರೆದ ಉದ್ದನೆಯ ಸೀಳಿನ, ತಳ ಸಮತಟ್ಟಾಗಿರಲಿಲ್ಲ. ಅಡಿಯ ಪೀಜೊ ಒತ್ತಡವನ್ನು ಮಾತ್ರ ಅರಿಯುತ್ತದೆ. ತಳದಲ್ಲಿ ಕೂದಲೆಳೆಯಷ್ಟು ತಗ್ಗಿದ್ದರೂ ಆ ಜಾಗದ ಮೇಲಿನ ತಂತಿ ಮಂಕಾಗುತ್ತದೆ. ಗಾಡಿಯ ತಳವನ್ನು ರೂಟರ್‌ನಿಂದ ಮಟ್ಟ ಮಾಡಬೇಕು. ಸ್ಯಾಡಲ್‌ನ ತಳವನ್ನು ಗಾಜಿನ ಮೇಲೆ ಮರಳುಕಾಗದ ಹಾಸಿ ನೇರವಾಗಿ ಉಜ್ಜಬೇಕು. ಸ್ಯಾಡಲ್ ಬೆರಳಿನಿಂದ ಒತ್ತಿದರೆ ಇಳಿಯಬೇಕು, ಬೆರಳಿನಿಂದಲೇ ಎತ್ತಿದರೆ ಬರಬೇಕು. ಬಿಗಿಯಾಗಿ ಸಿಕ್ಕಿಕೊಂಡರೆ ತಂತಿಯ ಒತ್ತಡ ಕೆಳಗೆ ತಲುಪುವುದೇ ಇಲ್ಲ, ಸಡಿಲವಾದರೆ ಮುಂದಕ್ಕೆ ವಾಲುತ್ತದೆ. ಗಾಡಿಯ ತುದಿಯಲ್ಲಿ ವೈರ್ ಇಳಿಯುವ ತೂತನ್ನು ಓರೆಯಾಗಿ ಕೊರೆಯಬೇಕು. ನೇರ ಕೊರೆದರೆ ವೈರ್ ಮಡಿಚಿಕೊಂಡು ಪಟ್ಟಿಯ ಆ ತುದಿ ಮೇಲೇಳುತ್ತದೆ, ಆಗ ಕೊನೆಯ ತಂತಿಯದೂ ಇದೇ ಪಾಡು.

ಇನ್ನೊಂದು ಲೆಕ್ಕವನ್ನು ಹಲವರು ಮರೆಯುತ್ತಾರೆ. ಪಟ್ಟಿ 1.2 ಮಿ.ಮೀ. ದಪ್ಪವಿದ್ದರೆ ಸ್ಯಾಡಲ್‌ನ ತಳದಿಂದ ಅಷ್ಟನ್ನೇ ತೆಗೆಯಬೇಕು. ತೆಗೆಯದಿದ್ದರೆ 12ನೇ ಫ್ರೆಟ್‌ನಲ್ಲಿ (ಕತ್ತಿನ ಮೇಲಿನ ಲೋಹದ ಅಡ್ಡಗೆರೆ) ತಂತಿ 0.6 ಮಿ.ಮೀ. ಮೇಲೇರುತ್ತದೆ. ಎಡಗೈಗೆ ಅದು ಕೂಡಲೇ ಗೊತ್ತಾಗುತ್ತದೆ.

ಗುಂಯ್ಗುಡುವುದಕ್ಕೆ ಕಾರಣ ಗಿಟಾರ್‌ನ ಹೊಟ್ಟೆ. ಡ್ರೆಡ್‌ನಾಟ್ ಒಳಗಿನ ಗಾಳಿ ಸುಮಾರು 100 ಹರ್ಟ್ಸ್‌ನಲ್ಲಿ ತಾನಾಗಿ ಅನುರಣಿಸುತ್ತದೆ. ಬಿಡಿ (ಬೆರಳು ಒತ್ತದ) ಎ ತಂತಿಯದು 110 ಹರ್ಟ್ಸ್, ದಪ್ಪ ಇ ತಂತಿಯ ಮೂರನೇ ಫ್ರೆಟ್‌ನ ಜಿ 98. ಮಾನಿಟರ್‌ನ ಸದ್ದು ಮೇಲ್ಹಲಗೆಯನ್ನು ಅಲುಗಿಸುತ್ತದೆ, ಪಿಕಪ್ ಅದನ್ನೇ ಹಿಡಿದು ಮತ್ತೆ ಮಾನಿಟರ್‌ಗೆ ಕಳಿಸುತ್ತದೆ. ಸೌಂಡ್‌ಹೋಲ್‌ಗೆ (ಮೇಲ್ಹಲಗೆಯ ದುಂಡು ತೂತು) ರಬ್ಬರ್ ಮುಚ್ಚಳ ಹಾಕಿ, ಆ ಒಂದು ಆವರ್ತನವನ್ನಷ್ಟೇ ತಗ್ಗಿಸುವ ನಾಚ್ ಫಿಲ್ಟರ್ ಇಟ್ಟು, ಸಂಕೇತವನ್ನು ತಲೆಕೆಳಗಾಗಿಸುವ ಫೇಸ್ ಸ್ವಿಚ್ ಬದಲಿಸಿ ನೋಡಿದರೆ ಬಹುಪಾಲು ತಹಬಂದಿಗೆ ಬರುತ್ತದೆ. ಇದಾವುದೂ ಗೊತ್ತಿಲ್ಲದವರು ಬೇಸ್ ಪೂರ್ತಿ ಇಳಿಸಿಬಿಡುತ್ತಾರೆ, ಗಿಟಾರ್ ತಗಡಿನ ಡಬ್ಬಿಯಂತೆ ಕೇಳಿಸುತ್ತದೆ.

ಆದ್ದರಿಂದ ಪಿಕಪ್ ಆರಿಸುವಾಗ ಮನೆಯಲ್ಲಿ ಹೇಗೆ ಕೇಳಿಸುತ್ತದೆ ಎಂಬುದಕ್ಕಿಂತ ವೇದಿಕೆಯ ಸದ್ದು ಎಷ್ಟು ಎಂಬುದೇ ಮುಖ್ಯ. ಡ್ರಮ್ಸ್, ಬೇಸ್ ಗಿಟಾರ್ ಜೊತೆ ನುಡಿಸುವವರಿಗೆ ಸೌಂಡ್‌ಹೋಲ್‌ಗೆ ಸಿಕ್ಕಿಸುವ ಮ್ಯಾಗ್ನೆಟಿಕ್ ಪಿಕಪ್ ಎಲ್ಲಕ್ಕಿಂತ ಗಟ್ಟಿ. ಸ್ಕ್ರೂ ಬಿಗಿದರೆ ಮುಗಿಯಿತು, ಮರಕ್ಕೆ ಗಾಯವಿಲ್ಲ. ಸ್ವರ ಸ್ವಲ್ಪ ಎಲೆಕ್ಟ್ರಿಕ್ ಗಿಟಾರ್ ಕಡೆ ವಾಲುತ್ತದೆ, ನೈಲಾನ್ ತಂತಿಗೆ ಕೆಲಸ ಮಾಡುವುದಿಲ್ಲ. ಒಬ್ಬರೇ ಅಥವಾ ಇಬ್ಬರೇ ಮೆಲುದನಿಯಲ್ಲಿ ನುಡಿಸುವುದಾದರೆ ಬ್ರಿಡ್ಜ್‌ನ ಒಳಭಾಗಕ್ಕೆ ಅಂಟಿಸುವ ಬಿಲ್ಲೆಗಳ ಬಗೆ ಚೆನ್ನ. ಕೆ ಅಂಡ್ ಕೆ ಪ್ಯೂರ್ ಮಿನಿಯಲ್ಲಿ ಇಂಥ ಮೂರು ಬಿಲ್ಲೆ, ಬ್ಯಾಟರಿ ಇಲ್ಲ, ಮರದ ನಿಜವಾದ ದನಿ ಬರುತ್ತದೆ. ಅದನ್ನೇ ಅಬ್ಬರದ ವೇದಿಕೆಗೆ ಒಯ್ದರೆ ಎಲ್ಲರಿಗಿಂತ ಮೊದಲು ಗುಂಯ್ಗುಡುತ್ತದೆ. ಒಳಗೆ ಮೈಕ್ ಇರುವವು ಇನ್ನೂ ಸೂಕ್ಷ್ಮ. ಸ್ಯಾಡಲ್ ಅಡಿಯ ಪೀಜೊ ಮ್ಯಾಗ್ನೆಟಿಕ್‌ಗೂ ಬಿಲ್ಲೆಗಳಿಗೂ ನಡುವೆ. ಜೋರಾಗಿ ಮೀಟಿದಾಗ ಅದರಲ್ಲಿ ಪ್ಲಾಸ್ಟಿಕ್‌ನಂಥ ಚಟಚಟ ಬರುತ್ತದೆ, ಮೈಕ್ ಹಿಡಿದ ಗಿಟಾರ್‌ನ ಸ್ವರಗುಣವನ್ನು ಬೆರೆಸುವ ಇಂಪಲ್ಸ್ ರೆಸ್ಪಾನ್ಸ್ ಪೆಡಲ್ ಇದ್ದರೆ ಅದನ್ನು ಬಹಳಷ್ಟು ಮರೆಸಬಹುದು.

ಬ್ಯಾಟರಿ ಇಲ್ಲದ ಪೀಜೊ ಹಾಕಿಸುವವರಿಗೆ ಬೇರೆಯದೇ ಅಪಾಯವಿದೆ. ಪೀಜೊ ಮಿಕ್ಸರ್‌ನ ಕಣ್ಣಿಗೆ ಒಂದು ಚಿಕ್ಕ ಕೆಪಾಸಿಟರ್. 1000 ಪೈಕೋಫ್ಯಾರಡ್ ಎಂದಿಟ್ಟುಕೊಳ್ಳಿ. ಇನ್‌ಪುಟ್‌ನ ಪ್ರತಿರೋಧ (ಓಮ್) ಕಡಿಮೆಯಿದ್ದಷ್ಟೂ ತಗ್ಗಿನ ಸ್ವರಗಳು ಕಳೆದುಹೋಗುತ್ತವೆ. ಅದನ್ನು ನೇರ ಮಿಕ್ಸರ್‌ನ 10 ಕಿಲೋಓಮ್ ಲೈನ್ ಇನ್‌ಪುಟ್‌ಗೆ ಚುಚ್ಚಿದರೆ ಸುಮಾರು 16,000 ಹರ್ಟ್ಸ್‌ನಿಂದ ಕೆಳಗಿನದೆಲ್ಲ ಇಳಿಯುತ್ತಾ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ ಬಾಕ್ಸ್ (ಗಿಟಾರ್ ಸಂಕೇತವನ್ನು ಮಿಕ್ಸರ್‌ಗೆ ಹೊಂದಿಸುವ ಪೆಟ್ಟಿಗೆ) ಸುಮಾರು 140 ಕಿಲೋಓಮ್, ಆಗಲೂ 1100 ಹರ್ಟ್ಸ್‌ನಿಂದ ಕೆಳಗೆ ಸೊರಗುತ್ತದೆ. 1 ಮೆಗಾಓಮ್ ಇದ್ದರೆ 160, 10 ಮೆಗಾಓಮ್ ಇದ್ದರೆ 16 ಹರ್ಟ್ಸ್. ದಪ್ಪ ಇ ತಂತಿ ಇರುವುದು 82ರಲ್ಲಿ. ಅಂದರೆ ಪಿಕಪ್ ದರದ ಜೊತೆಗೆ ಪ್ರೀಆಂಪ್ ಅಥವಾ ಎಲ್.ಆರ್. ಬ್ಯಾಗ್ಸ್ ಪ್ಯಾರಾ ಡಿಐ ಥರದ 10 ಮೆಗಾಓಮ್ ಡಿಐ ದರವನ್ನೂ ಸೇರಿಸಿಯೇ ಲೆಕ್ಕ ಹಾಕಿ. ಸೌಂಡ್‌ನವರ ಹತ್ತಿರ ಇರುತ್ತದೆ ಎಂದು ನಂಬಿ ಹೋಗಬೇಡಿ. ಬಿಲ್ಲೆಗಳ ಪಿಕಪ್‌ಗಳಲ್ಲಿ ಕೆಪಾಸಿಟನ್ಸ್ ಹೆಚ್ಚು, ಅವಕ್ಕೆ 1 ಮೆಗಾಓಮ್ ಸಾಕು.

ಕರಕರಕ್ಕೆ ಕಾರಣ 9 ವೋಲ್ಟ್ ಬ್ಯಾಟರಿ. ಪ್ಲಗ್ ಚುಚ್ಚಿದೊಡನೆ ಪ್ರೀಆಂಪ್ ಆನ್ ಆಗುತ್ತದೆ. ಸೌಂಡ್ ಚೆಕ್ ಮುಗಿದ ಮೇಲೂ ಕೇಬಲ್ ಗಿಟಾರ್‌ನಲ್ಲೇ ಇತ್ತು, ಮೊದಲೇ ಅರ್ಧ ಹಳತಾಗಿದ್ದ ಬ್ಯಾಟರಿ ಸಂಜೆಯವರೆಗೆ ಬಸಿದುಹೋಯಿತು. ಇನ್ನೊಂದು ವಿಚಾರ: ಮೂರು ಭಾಗದ ಸ್ಟೀರಿಯೋ ಪ್ಲಗ್ ಚುಚ್ಚಿದರೆ ಹಲವು ಪ್ರೀಆಂಪ್‌ಗಳು ಆನ್ ಆಗುವುದೇ ಇಲ್ಲ, ಮೋನೋ ಕೇಬಲ್ಲೇ ಬೇಕು.

ಇಷ್ಟನ್ನೂ ಸರಿಪಡಿಸಬಹುದು, ಪಕ್ಕೆಯ ಕಿಂಡಿಯನ್ನಲ್ಲ. ಪಕ್ಕೆಯ ಮರ ಇರುವುದೇ ಸುಮಾರು 2 ಮಿ.ಮೀ. ದಪ್ಪ. ಒಂದೊಂದು ಕಂಪನಿಯ ಪ್ರೀಆಂಪ್ ಒಂದೊಂದು ಅಳತೆ. ಈಗಿನದು ಕೆಟ್ಟರೆ ಅದೇ ಕಿಂಡಿಗೆ ಹೊಂದುವ ಬೇರೆಯದು ಸಿಗುವ ಭರವಸೆಯಿಲ್ಲ. ಬೆಲೆಬಾಳುವ ಗಿಟಾರ್‌ಗೆ ಇದನ್ನು ಯಾರು ಸೂಚಿಸಿದರೂ ಬೇಡವೆನ್ನಿ. ವಾಲ್ಯೂಮ್ ಚಕ್ರ ಸೌಂಡ್‌ಹೋಲ್ ಅಂಚಿನ ಒಳಗೆ, ಕೇಬಲ್ ಚುಚ್ಚುವ ಜ್ಯಾಕ್ ಬುಡದ ಬೆಲ್ಟ್ ಗುಂಡಿಯ ಜಾಗದಲ್ಲಿ ಕೂರುವ ಬಗೆಗಳಿವೆ. ಅವಕ್ಕೆ ಬೇಕಾದದ್ದು ಬುಡದ ಒಳಗಿರುವ ದಪ್ಪ ಮರದ ತುಂಡಿನಲ್ಲಿ ಸುಮಾರು 12 ಮಿ.ಮೀ. ತೂತು ಒಂದೇ. ಅದನ್ನು ರೀಮರ್‌ನಿಂದ (ತೂತನ್ನು ಹೆರೆದು ಅಗಲಿಸುವ ಉಪಕರಣ) ನಿಧಾನವಾಗಿ ಅಗಲಿಸಬೇಕು, ಡ್ರಿಲ್ ಬಿಟ್ ಹಳೆಯ ತೂತಿನಲ್ಲಿ ಕಚ್ಚಿಕೊಂಡು ಮರ ಸೀಳುತ್ತದೆ. ಜ್ಯಾಕ್‌ನ ನಟ್ ಸಡಿಲವಿದ್ದರೆ ಜ್ಯಾಕ್ ತಿರುಗಿ ತಿರುಗಿ ಒಳಗಿನ ವೈರ್ ಹರಿಯುತ್ತದೆ, ಅದನ್ನೂ ನೋಡಿ.

ಹಣ ಕೊಡುವ ಮುನ್ನ ಅಂಗಡಿಯಲ್ಲೇ ಈಕ್ವಲೈಜರ್ ಎಲ್ಲ ನಡುವಿಗೆ ಇಟ್ಟು, ಆರೂ ತಂತಿಯನ್ನು ಒಂದೇ ಬಲದಲ್ಲಿ ಒಂದೊಂದಾಗಿ ಮೀಟಿ ಕೇಳಿ. ಆಮೇಲೆ ಸ್ಪೀಕರ್ ಎದುರು ನಿಂತು ವಾಲ್ಯೂಮ್ ವೇದಿಕೆಯ ಮಟ್ಟಕ್ಕೆ ಏರಿಸಿ, ಬಿಡಿ ಎ ತಂತಿ ಮೀಟಿ, ಅಂಗೈಯಿಂದ ತಂತಿಗಳನ್ನು ಮುಚ್ಚಿ. ಸದ್ದು ಅಲ್ಲಿಗೇ ನಿಲ್ಲದೆ ಬೆಳೆಯುತ್ತಾ ಹೋದರೆ ಆ ಪಿಕಪ್ ನಿಮ್ಮ ವೇದಿಕೆಗಲ್ಲ.